ಮಸಲ್ ಕಾರಿನ ಹೊಟ್ಟೆಯಡಿಯ ಕೊಳವೆ: ಡ್ರೈವ್ ಶಾಫ್ಟಿನ ಮುನ್ನೂರೈವತ್ತು ವರ್ಷ

ಹಳೇ ಕಾರುಗಳ ಚರಿತ್ರೆ ಅಂದ ಕೂಡಲೇ ಎಲ್ಲರೂ ಎಂಜಿನ್ ಬಗ್ಗೆ ಮಾತಾಡ್ತಾರೆ. ಎಷ್ಟು ಸಿಲಿಂಡರು, ಎಷ್ಟು ಅಶ್ವಶಕ್ತಿ, ಎಷ್ಟು ಸೆಕೆಂಡಿಗೆ ನೂರು ಮುಟ್ಟುತ್ತೆ. ಆ ಶಕ್ತಿಯನ್ನೆಲ್ಲ ಮುಂದಿನಿಂದ ಹಿಂದಿನ ಚಕ್ರಕ್ಕೆ ಹೊತ್ತೊಯ್ಯುವ ಒಂದು ಕಬ್ಬಿಣದ ಕೊಳವೆ ಇದೆಯಲ್ಲ, ಅದನ್ನು ಯಾರೂ ಕೇಳಲ್ಲ. ಈ ಸಂಚಿಕೆ ಅದರದ್ದು. ವಿಡಿಯೊದಲ್ಲಿ ಆಡಿದ್ದನ್ನೇ ಸ್ವಲ್ಪ ತಿದ್ದಿ, ಅಲ್ಲಿ ಸಮಯ ಸಾಲದೆ ಬಿಟ್ಟ ಲೆಕ್ಕಗಳನ್ನೂ ಸೇರಿಸಿ ಬರೆದಿದ್ದೇನೆ.

ನಾವೀಗ ಊರೊಳಗೆ ಓಡಿಸುವ ಸಣ್ಣ ಕಾರುಗಳಲ್ಲಿ ಈ ಕೊಳವೆ ಇಲ್ಲ. ಎಂಜಿನ್ನೂ ಮುಂದೆ, ಎಳೆಯುವ ಚಕ್ರವೂ ಮುಂದೆ. ಆದರೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ಓಮ್ನಿ ಇದ್ದ ಮನೆಯವರಿಗೆ ಗೊತ್ತು: ಗಾಡಿ ಹೊರಡುವಾಗ ಕೆಳಗಿಂದ 'ಟಕ್' ಅಂತ ಸದ್ದು ಬಂದ್ರೆ ಮೇಸ್ತ್ರಿ ಅಡಿಗೆ ತೂರಿ, ಕೊಳವೆ ಹಿಡಿದು ಅಲ್ಲಾಡಿಸಿ, "ಕ್ರಾಸ್ ಹೋಗಿದೆ ಸಾರ್" ಅಂತಿದ್ದ. ಅವನು ಪ್ರೊಪೆಲ್ಲರ್ ಶಾಫ್ಟ್ ಅಂತಿದ್ದದ್ದನ್ನೇ ಅಮೆರಿಕದವರು ಡ್ರೈವ್ ಶಾಫ್ಟ್ ಅನ್ನೋದು.

ಈ ವಿಷಯ ನನ್ನ ತಲೆಗೆ ಬಂದದ್ದು ಅಮೆರಿಕದಲ್ಲಿರುವ ಒಬ್ಬ ಗೆಳೆಯರಿಂದ. ಹಾಸನದ ಕಡೆಯವರು, ಅಲ್ಲಿ ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಕೆಲಸ. 1967ರ ಪಾಂಟಿಯಾಕ್ ಜಿಟಿಒ ಒಂದನ್ನು ಕೊಂಡು ವಾರಾಂತ್ಯಗಳಲ್ಲಿ ಬಿಚ್ಚಿ ಜೋಡಿಸ್ತಿದ್ದಾರೆ. ನಾನು ಪುಣೆಯಲ್ಲಿ ತಿರುಗುವ ಯಂತ್ರಭಾಗಗಳ ಕಂಪನವನ್ನು ಗಣಕದಲ್ಲಿ ಲೆಕ್ಕ ಹಾಕೋ ಕೆಲಸದವನು. ಅವರು ಒಂದು ರಾತ್ರಿ ಫೋನ್ ಮಾಡಿ ಕೇಳಿದ್ದು ಇಷ್ಟೇ: "ಶಾಫ್ಟನ್ನ ಹೊಸದು ಮಾಡಿಸ್ಲಾ, ಹಳೇದನ್ನೇ ಉಳಿಸ್ಲಾ?" ಉತ್ತರ ಹೇಳಬೇಕಾದ್ರೆ ಆ ಕೊಳವೆಯ ಎರಡೂ ತುದಿಯಲ್ಲಿರುವ ಜಾಯಿಂಟಿನಿಂದ ಶುರು ಮಾಡಬೇಕು. ಅದರ ಕಥೆ ಕಾರಿಗಿಂತ ಬಹಳ ಹಳೇದು.

ಜಾಯಿಂಟ್ ಯಾಕೆ ಬೇಕು ನೋಡಿ. ಎಂಜಿನ್, ಗೇರ್‌ಬಾಕ್ಸ್ ಚಾಸಿಗೆ ಬಿಗಿದಿರುತ್ತೆ. ಹಿಂದಿನ ಆಕ್ಸಲ್ ರಸ್ತೆಯ ಗುಂಡಿಗೆ ತಕ್ಕಂತೆ ಮೇಲೆ ಕೆಳಗೆ ಕುಣಿಯುತ್ತೆ. ನಡುವೆ ನೆಟ್ಟನೆ ಸರಳು ಹಾಕಿದ್ರೆ ಮೊದಲ ಹಂಪಿಗೇ ಮುರೀತದೆ. ಅದಕ್ಕೆ ಎರಡು ತುದಿಗೂ ಬಾಗುತ್ತಲೇ ತಿರುಗುವ ಕೀಲು ಬೇಕು. ಎರಡು ಕವೆ, ನಡುವೆ ಕೂಡುಚಿಹ್ನೆಯ ಆಕಾರದ ಒಂದು ಕ್ರಾಸ್. ಕವೆಗೆ ಇಂಗ್ಲಿಷಿನಲ್ಲಿ ಯೋಕ್ ಅಂತಾರೆ, ಅಂದ್ರೆ ನಮ್ಮ ನೊಗ. ಎತ್ತಿನ ಹೆಗಲಿನ ಮೇಲಿಂದ ಜಿಟಿಒ ಅಡಿಗೆ ಹೋದ ಪದ ಅದು.

ಯುರೋಪಿನ ಬಹುಪಾಲು ದೇಶಗಳಲ್ಲಿ ಈ ಕೀಲಿಗೆ ಕಾರ್ಡಾನ್ ಅಂತ ಹೆಸರು. 1501ರಲ್ಲಿ ಹುಟ್ಟಿದ ಇಟಲಿಯ ಜೆರೊಲಾಮೊ ಕಾರ್ಡಾನೊ ವೈದ್ಯ, ಜೂಜುಗಾರ, ಮೂರನೇ ಘಾತದ ಸಮೀಕರಣ ಬಿಡಿಸುವ ವಿಧಾನವನ್ನು 1545ರಲ್ಲಿ ಅಚ್ಚು ಹಾಕಿಸಿದ ಗಣಿತಜ್ಞ. ಆತ ವರ್ಣಿಸಿದ್ದು ಉಂಗುರದೊಳಗೆ ಉಂಗುರ ತೂಗಿಸಿ, ಹಡಗು ಎಷ್ಟೇ ಓಲಾಡಿದರೂ ದೀಪ ನೆಟ್ಟಗೆ ನಿಲ್ಲುವ ಏರ್ಪಾಟನ್ನು. ಅದು ಕೂಡ ಆತನದಲ್ಲ. ಚೀನಾದಲ್ಲಿ ಟಾಂಗ್ ರಾಜರ ಕಾಲದ ಬೆಳ್ಳಿಯ ಧೂಪದ ಉಂಡೆಗಳಲ್ಲಿ ಇದೇ ಉಂಗುರಗಳಿವೆ. ಕಾರ್ಡಾನೊ ತಾನೇ ಕಂಡುಹಿಡಿದೆ ಅಂತ ಹೇಳಿಕೊಂಡಿದ್ದೂ ಇಲ್ಲ. ಜನ ಹೆಸರು ಅಂಟಿಸಿದರು, ಅಂಟಿಕೊಂಡಿತು.

ನನ್ನ ಕಣ್ಣಿಗೆ ಈ ಕಥೆಯ ಹೀರೊ ಬೇರೆ. ಪಿಯುಸಿಯಲ್ಲಿ ಸ್ಪ್ರಿಂಗಿನ ನಿಯಮ ಓದಿದ್ದೀರಲ್ಲ, ಆ ರಾಬರ್ಟ್ ಹುಕ್. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗ ನಡೆಸಿ ತೋರಿಸುವ ನೌಕರಿ, 1666ರ ಮಹಾ ಬೆಂಕಿಯ ನಂತರ ನಗರದ ಅಳತೆ ಕೆಲಸ, ನ್ಯೂಟನ್ ಜೊತೆ ಜಗಳ. ಇವನದೇ ಅಂತ ಎಲ್ಲರೂ ಒಪ್ಪುವ ಒಂದು ಚಿತ್ರ ಕೂಡ ಉಳಿದಿಲ್ಲ. 1676ರಲ್ಲಿ ಸೂರ್ಯನನ್ನು ನೋಡುವ ಉಪಕರಣಗಳ ಬಗ್ಗೆ ಒಂದು ಪುಸ್ತಕ ಬರೆದ. ಯೂನಿವರ್ಸಲ್ ಜಾಯಿಂಟ್ ಅನ್ನೋ ಹೆಸರು ಕೊಟ್ಟು ಈ ಕೀಲನ್ನು ವಿವರಿಸಿದ್ದು ಅದರಲ್ಲೇ.

ಹುಕ್ ಗಮನಿಸಿದ ಸಂಗತಿ ಏನು? ಈ ಕೀಲು ಬಾಗಿದ್ದಾಗ ಒಂದು ಕಡೆಯಿಂದ ಸಮವೇಗದಲ್ಲಿ ತಿರುಗಿಸಿದರೆ ಇನ್ನೊಂದು ಕಡೆ ಸಮವೇಗದಲ್ಲಿ ತಿರುಗಲ್ಲ. ಒಂದೊಂದು ಸುತ್ತಿಗೂ ಎರಡು ಸಲ ಮುಂದೋಡುತ್ತೆ, ಎರಡು ಸಲ ಹಿಂದೆ ಬೀಳುತ್ತೆ. ಬಾಗು 30 ಡಿಗ್ರಿ ಇದ್ದರೆ ಆ ಬದಿಯ ವೇಗ 0.87 ಪಟ್ಟಿನಿಂದ 1.15 ಪಟ್ಟಿನವರೆಗೆ ಓಲಾಡುತ್ತೆ. 3 ಡಿಗ್ರಿಗೆ ಅದು ಶೇಕಡಾ 0.14 ಮಾತ್ರ, ಆದರೆ ಸೊನ್ನೆ ಅಲ್ಲ. ವಿಡಿಯೊದಲ್ಲಿ ಎರಡು ಪೆನ್ನು ಹಿಡಿದು ತೋರಿಸಿದ್ದೆ, ಬರಹದಲ್ಲಿ ಅದು ಆಗಲ್ಲ, ನಂಬಿ.

ಬೇರೆಯವರಾಗಿದ್ರೆ ಇದು ದೋಷ ಅಂತ ಕೈಬಿಡ್ತಿದ್ದರು. ಹುಕ್ ಅದನ್ನೇ ಬಳಸಿಕೊಂಡ. ನೆಲಕ್ಕೆ ಸಮತಟ್ಟಾಗಿ ಹಾಕಿದ ಬಿಸಿಲು ಗಡಿಯಾರದಲ್ಲಿ ನೆರಳು ಗಂಟೆ ಗಂಟೆಗೂ ಒಂದೇ ಅಂತರ ನಡೆಯಲ್ಲ. ಮಧ್ಯಾಹ್ನಕ್ಕೊಂದು ಗತಿ, ಸಂಜೆಗೊಂದು ಗತಿ. ಆ ನೆರಳಿನ ಸಮೀಕರಣವೂ ಬಾಗಿದ ಜಾಯಿಂಟಿನ ಸಮೀಕರಣವೂ ಒಂದೇ ರೂಪದ್ದು: ಒಂದು ಕೋನದ ಟ್ಯಾಂಜೆಂಟಿಗೆ ಒಂದು ಸ್ಥಿರಸಂಖ್ಯೆಯ ಗುಣಾಕಾರ, ಅಷ್ಟೇ. ಹಾಗಾಗಿ ಸರಿಯಾದ ಬಾಗಿನ ಕೀಲನ್ನು ಸಮವೇಗದಲ್ಲಿ ತಿರುಗಿಸಿದ್ರೆ ಅದರ ಇನ್ನೊಂದು ತುದಿ ನೆರಳಿನಂತೆಯೇ ನಡೆಯುತ್ತೆ. ದಿಲ್ಲಿಯಲ್ಲಿರೋರು ಜಂತರ್ ಮಂತರ್‌ಗೆ ಹೋದ್ರೆ ಸಾಮ್ರಾಟ್ ಯಂತ್ರದ ಗೆರೆಗಳನ್ನ ನೋಡಿ. ಅವು ಸಮದೂರದಲ್ಲಿವೆ, ಯಾಕಂದ್ರೆ ಅದರ ಕಮಾನು ನೆಲಕ್ಕಲ್ಲ, ಭೂಮಧ್ಯರೇಖೆಯ ತಲಕ್ಕೆ ಸಮಾನಾಂತರ. ಸಮತಟ್ಟು ಗಡಿಯಾರಕ್ಕೆ ಆ ಭಾಗ್ಯ ಇಲ್ಲ.

ಮುಂದೆ 1683ರ ಹೊತ್ತಿಗೆ ಹುಕ್ ಇನ್ನೊಂದು ಮಾತು ಹೇಳಿದ. ಸಮಗತಿಯೇ ಬೇಕು ಅಂದ್ರೆ ಇಂಥವೇ ಎರಡು ಕೀಲು ಹಾಕಿ. ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಅಳಿಸಿಹಾಕುತ್ತೆ. ಎರಡೇ ಷರತ್ತು. ನಡುವಿನ ಶಾಫ್ಟಿನ ಎರಡೂ ಕವೆ ಒಂದೇ ತಲದಲ್ಲಿ ಇರಬೇಕು, ಎರಡೂ ಕಡೆಯ ಬಾಗು ಒಂದೇ ಅಳತೆ ಇರಬೇಕು. ಇವತ್ತು ಅಮೆರಿಕದ ಯಾವುದೇ ಶಾಫ್ಟ್ ಅಂಗಡಿಯಲ್ಲಿ ಫೇಸಿಂಗ್, ಆಪರೇಟಿಂಗ್ ಆಂಗಲ್ ಅಂತ ಹೇಳ್ತಾರಲ್ಲ, ಅದು ಇದೇ. ಕುದುರೆಗಾಡಿಯ ಕಾಲದಲ್ಲಿ ಬರೆದಿಟ್ಟ ಷರತ್ತು.

ಇಲ್ಲಿಂದ ಇನ್ನೂರು ಚಿಲ್ಲರೆ ವರ್ಷ ಹಾರೋಣ. ಮೊದಮೊದಲ ಕಾರುಗಳಲ್ಲಿ ಹೆಚ್ಚಿನವು ಸೈಕಲ್ಲಿನ ಹಾಗೆ ಚೈನಿನಲ್ಲೇ ಓಡ್ತಿದ್ದವು. ಧೂಳು, ಸದ್ದು, ಆಗಾಗ ಎಣ್ಣೆ. 1898ರ ಕೊನೆಗೆ ಪ್ಯಾರಿಸ್ಸಿನಲ್ಲಿ ಲೂಯಿ ರೆನೊ ತನ್ನ ಪುಟ್ಟ ಕಾರಿನಲ್ಲಿ ಚೈನ್ ಬಿಟ್ಟು ಶಾಫ್ಟ್ ಹಾಕಿ, ಮೊಂಮಾರ್ತ್ರ್ ಗುಡ್ಡದ ಕಡಿದಾದ ಬೀದಿ ಹತ್ತಿಸಿ ತೋರಿಸಿದ. ಶಾಫ್ಟ್ ಗೆದ್ದಿತು, ಆದರೆ ಕೀಲು ಬದುಕಬೇಕಲ್ಲ? ರಸ್ತೆಯ ಕೆಸರು ಹೊಕ್ಕು, ಗ್ರೀಸ್ ಹಾರಿಹೋಗಿ, ಸವೆದು ಹಾಳಾಗೋದು.

ಇದಕ್ಕೆ ಮದ್ದು ಹುಡುಕಿದವನು ಕ್ಲಾರೆನ್ಸ್ ಸ್ಪೈಸರ್, ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1903ರಲ್ಲಿ ಪೇಟೆಂಟ್ ಸಿಕ್ಕಿತು. ಆ ಪೇಟೆಂಟ್ ಯೂನಿವರ್ಸಲ್ ಜಾಯಿಂಟಿಗಲ್ಲ, ಅದರ ಮುಚ್ಚಳಕ್ಕೆ! ಗ್ರೀಸ್ ಹೊರಗೆ ಹೋಗದ, ಧೂಳು ಒಳಗೆ ಬಾರದ ಕವಚ. ನನಗೆ ಇದು ಬಹಳ ಇಷ್ಟ. ಕೀಲಿನ ತತ್ವ ಗೊತ್ತಿದ್ದವರು ಇನ್ನೂರು ಚಿಲ್ಲರೆ ವರ್ಷದಿಂದ ಇದ್ದರು. ಅದು ಕೆಸರಲ್ಲಿ ಹೇಗೆ ಉಳಿಯುತ್ತೆ ಅಂತ ತಲೆ ಕೆಡಿಸಿಕೊಂಡವನ ಹೆಸರಲ್ಲಿ ಕಂಪನಿ ಆಯಿತು. 1904ರಲ್ಲಿ ನ್ಯೂಜೆರ್ಸಿಯ ಪ್ಲೇನ್‌ಫೀಲ್ಡ್‌ನಲ್ಲಿ ತಯಾರಿಕೆ ಶುರು, 1914ರಲ್ಲಿ ಚಾರ್ಲ್ಸ್ ಡಾನಾ ಬಂದು ಕೈಜೋಡಿಸಿದ, 1946ರಲ್ಲಿ ಕಂಪನಿಯ ಹೆಸರೇ ಡಾನಾ ಆಯಿತು. ಜಾಯಿಂಟಿನ ಮೇಲೆ ಮಾತ್ರ ಇವತ್ತಿಗೂ ಸ್ಪೈಸರ್ ಅಂತಲೇ ಇರುತ್ತೆ. ಪುಣೆಯವರೇ, ಔಂಧ್ ಹತ್ತಿರದ ಸ್ಪೈಸರ್ ಕಾಲೇಜ್ ರಸ್ತೆ ನೆನಪಾಯ್ತಾ? ಆ ಸ್ಪೈಸರ್ ಬೇರೆ, ವಿಲಿಯಂ ಸ್ಪೈಸರ್ ಅನ್ನೋ ಮಿಷನರಿ. ಆ ಕಾಲೇಜು 1942ರಲ್ಲಿ ಪುಣೆಗೆ ಬರೋಕೆ ಮುಂಚೆ ನಮ್ಮ ಬೆಂಗಳೂರಿನ ಕೃಷ್ಣರಾಜಪುರದಲ್ಲಿತ್ತು. ಅಂದ್ರೆ ನಿಮ್ಮಲ್ಲಿ ಎಷ್ಟೋ ಜನರ ದಾರಿಯನ್ನೇ ಅದೂ ಹಿಡಿದದ್ದು.

ಅಮೆರಿಕದಲ್ಲಿ ಬಹಳ ವರ್ಷ ಶಾಫ್ಟನ್ನು ಒಂದು ದಪ್ಪ ಕೊಳವೆಯೊಳಗೆ ಮುಚ್ಚಿಡುತ್ತಿದ್ದರು. ಟಾರ್ಕ್ ಟ್ಯೂಬ್ ಅಂತ ಹೆಸರು. ಫೋರ್ಡ್ ಮಾಡೆಲ್ ಟಿಯಲ್ಲಿ ಇದ್ದದ್ದು ಅದೇ, ಅದಕ್ಕೆ ಒಂದೇ ಜಾಯಿಂಟ್. 1949ಕ್ಕೆ ಫೋರ್ಡ್, 1955ಕ್ಕೆ ಷೆವ್ರೊಲೆ ಅದನ್ನು ಬಿಟ್ಟು ಎರಡು ಜಾಯಿಂಟಿನ ತೆರೆದ ಶಾಫ್ಟಿಗೆ ಬಂದವು. ಹಗುರ, ಅಗ್ಗ, ಬಿಚ್ಚೋದು ಸುಲಭ.

ಆ ತೆರೆದ ಶಾಫ್ಟಿನ ಮೇಲೆ 1964ರಲ್ಲಿ ಒಂದು ಹೊರೆ ಬಿತ್ತು. ಪಾಂಟಿಯಾಕ್‌ನಲ್ಲಿ ಜಾನ್ ಡಿಲೋರಿಯನ್ ಮತ್ತು ಜೊತೆಯವರು ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ ದೊಡ್ಡ ಕಾರಿನ 389 ಘನ ಇಂಚಿನ ಎಂಜಿನ್ ಕೂರಿಸಿ ಜಿಟಿಒ ಅಂದರು. 325 ಅಶ್ವಶಕ್ತಿ, ಹೆಚ್ಚಿಗೆ ದುಡ್ಡು ಕೊಟ್ಟರೆ 348. ಮಸಲ್ ಕಾರಿನ ಯುಗ ಅಲ್ಲಿಂದ ಅಂತ ಬಹಳ ಜನ ಎಣಿಸ್ತಾರೆ. ಎಲ್ಲರೂ ಪೈಪೋಟಿಗಿಳಿದರು. ಆರೇ ವರ್ಷಕ್ಕೆ, 1970ರ ಷೆವ್ರೊಲೆ ಷೆವೆಲ್‌ನ ಎಲ್‌ಎಸ್6 ಎಂಜಿನ್ 450 ಅಶ್ವಶಕ್ತಿ, 500 ಪೌಂಡ್-ಅಡಿ ಟಾರ್ಕ್ ಮುಟ್ಟಿತು.

500 ಪೌಂಡ್-ಅಡಿ ಅಂದ್ರೆ ಸುಮಾರು 678 ನ್ಯೂಟನ್-ಮೀಟರ್. ಶಾಫ್ಟ್ ಹೊರುವುದು ಅಷ್ಟನ್ನೇ ಅಲ್ಲ. ನಡುವೆ ಗೇರ್‌ಬಾಕ್ಸ್ ಇದೆ. ಆ ಕಾಲದ ಹೆಸರಾಂತ ನಾಲ್ಕು ಗೇರಿನ ಮನ್ಸಿ ಪೆಟ್ಟಿಗೆಯಲ್ಲಿ ಮೊದಲ ಗೇರು 2.20. ಗುಣಿಸಿ: ಹತ್ತಿರ 1,490 ನ್ಯೂಟನ್-ಮೀಟರ್. ಒಂದು ಮೀಟರ್ ಉದ್ದದ ಸ್ಪ್ಯಾನರ್ ತುದಿಗೆ ಇಬ್ಬರು ಗಟ್ಟಿಮುಟ್ಟಾದ ಆಳುಗಳು ನೇತಾಡಿದಷ್ಟು. ಅದೂ ಕ್ಲಚ್ ಮೆಲ್ಲಗೆ ಬಿಟ್ಟರೆ. ಡ್ರ್ಯಾಗ್ ರೇಸಿನಲ್ಲಿ ಯಾರು ಮೆಲ್ಲಗೆ ಬಿಡ್ತಾರೆ? ಅಂಟುವ ಟೈರು, ಒದ್ದು ಬಿಟ್ಟ ಕ್ಲಚ್ಚು. ಆ ಏಟು ಬೀಳೋದು ಬೆರಳು ಗಾತ್ರದ ನಾಲ್ಕು ತೋಳಿನ ಕ್ರಾಸಿನ ಮೇಲೆ.

ಹಿಂದಿನ ಜಾಯಿಂಟ್ ಮುರಿದರೆ ಶಾಫ್ಟ್ ನೆಲಕ್ಕೆ ಎಳೆಯುತ್ತಾ ಬರುತ್ತೆ, ಸದ್ದು ಜೋರು, ಗಾಡಿ ನಿಲ್ಲಿಸಬಹುದು. ಮುಂದಿನದು ಮುರಿದ್ರೆ ಕಥೆ ಬೇರೆ. ಶಾಫ್ಟಿನ ಮುಂತುದಿ ರಸ್ತೆಗೆ ಚುಚ್ಚುತ್ತೆ, ಕಾರು ಮುಂದಕ್ಕೆ ಓಡ್ತಾನೇ ಇರುತ್ತೆ. ಬಿದಿರುಗಳು ಊರಿ ಹಾರಿದ ಹಾಗೆ ಕಾರಿನ ಹಿಂಭಾಗವೇ ಮೇಲೇಳಬಹುದು. ಇಲ್ಲಾ ತಿರುಗ್ತಿರೋ ತುದಿ ನೆಲಹಾಸು ಹರಿದು ಒಳಗೆ ಬರಬಹುದು. ಅದಕ್ಕೇ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ವೇಗದ ಕಾರುಗಳಿಗೆ ಡ್ರೈವ್ ಶಾಫ್ಟ್ ಲೂಪ್ ಕಡ್ಡಾಯ ಮಾಡಿದೆ. ಮುಂದಿನ ಜಾಯಿಂಟಿನಿಂದ 6 ಇಂಚಿನೊಳಗೆ, ಶಾಫ್ಟಿನ ಸುತ್ತ ಕಾಲು ಇಂಚು ದಪ್ಪ, 2 ಇಂಚು ಅಗಲದ ಉಕ್ಕಿನ ಬಳೆ. ಮುರಿದರೂ ಕೆಳಗೆ ಬೀಳಬಾರದು ಅಂತ. ನೋಡೋಕೆ ಏನೂ ಅಲ್ಲ. ಒಳಗೆ ಕೂತವನ ಕಾಲು ಉಳಿಸೋ ಬಳೆ.

ಈಗ ಗೆಳೆಯರ ಜಿಟಿಒಗೆ ಬರೋಣ. ಬಿಚ್ಚುವ ಮೊದಲು ಅವರಿಗೆ ಹೇಳಿದ್ದು, ನಮ್ಮ ಲಾರಿ ಮೇಸ್ತ್ರಿಗಳು ಮಾಡೋ ಕೆಲಸವನ್ನೇ: ಶಾಫ್ಟು ಮತ್ತು ಡಿಫರೆನ್ಷಿಯಲ್ ಕವೆ ಎರಡರ ಮೇಲೂ ಸೇರುವ ಹಾಗೆ ಒಂದು ಗುರುತು ಹಾಕಿ. ಯಾವ ಹಲ್ಲು ಎಲ್ಲಿ ಕೂತಿತ್ತೋ ಅಲ್ಲೇ ಮತ್ತೆ ಕೂರಬೇಕು.

ಕ್ರಾಸ್ ತೆಗೆಯೋಕೆ ಹೋದ್ರೆ ಸರ್ಕ್ಲಿಪ್ಪೇ ಇಲ್ಲ! ಆ ಕಾಲದ ಜನರಲ್ ಮೋಟರ್ಸ್ ಕಾರುಗಳ ಬಹಳಷ್ಟು ಶಾಫ್ಟುಗಳಲ್ಲಿ ಬೇರಿಂಗ್ ಬಟ್ಟಲನ್ನು ಹಿಡಿದಿಡುತ್ತಿದ್ದದ್ದು ಪ್ಲಾಸ್ಟಿಕ್. ಕವೆಯ ಪಕ್ಕದ ಸಣ್ಣ ತೂತಿನಿಂದ ಕರಗಿದ ಪ್ಲಾಸ್ಟಿಕ್ ತುಂಬಿ, ಒಳಗಿನ ಗಾಡಿಯಲ್ಲಿ ಅದು ಉಂಗುರವಾಗಿ ಗಟ್ಟಿಯಾಗ್ತಿತ್ತು. ಕಾರ್ಖಾನೆಯಲ್ಲಿ ವೇಗದ ಕೆಲಸ, ರಿಪೇರಿಯವನಿಗೆ ತಲೆನೋವು. ಕವೆಗೆ ಹದವಾಗಿ ಶಾಖ ಕೊಟ್ಟರೆ ಆ ತೂತಿನಿಂದ ಪ್ಲಾಸ್ಟಿಕ್ ಶ್ಯಾವಿಗೆ ಎಳೆಯ ಹಾಗೆ ಹೊರಗೆ ಬರುತ್ತೆ. ಅದು ಬಂತು ಅಂದ್ರೆ ಜಾಯಿಂಟ್ ಇಲ್ಲಿವರೆಗೂ ಬದಲಾಗಿಲ್ಲ, ಕಾರ್ಖಾನೆಯದೇ ಅಂತ ಅರ್ಥ. ಗೆಳೆಯರು ಅದರ ವಿಡಿಯೊ ಕಳಿಸಿದಾಗ ನನಗೂ ಖುಷಿಯಾಯ್ತು. ಐವತ್ತು ವರ್ಷ ದಾಟಿದ ಎಳೆ ಅದು.

ಇನ್ನು ಕೊಳವೆ. ಮೇಲಿನ ಕೊಳೆ ತೆಗೆದಾಗ ಬರಿಯ ಉಕ್ಕಿನ ಮೇಲೆ ಮಾಸಿದ ಬಣ್ಣದ ಪಟ್ಟೆಗಳು ಕಂಡವು. ಜೋಡಣೆ ಸಾಲಿನಲ್ಲಿ ಯಾವ ಕಾರಿಗೆ ಯಾವ ಶಾಫ್ಟ್ ಅಂತ ಗುರುತಿಗೆ ಹಾಕುತ್ತಿದ್ದ ಪಟ್ಟೆ. ಹಳೇ ಕಾರುಗಳ ಸ್ಪರ್ಧೆಯಲ್ಲಿ ತೀರ್ಪುಗಾರರು ಕನ್ನಡಿ ಹಿಡಿದು ಇದನ್ನು ಹುಡುಕ್ತಾರೆ. ಹಾಗಾಗಿ ಎಷ್ಟೋ ಜನ ಕೊಳವೆಯನ್ನು ಥಳಥಳ ಉಜ್ಜಿ, ಹೊಸ ಪಟ್ಟೆ ಬಳಿದು, ಮೇಲೆ ಪಾರದರ್ಶಕ ಲೇಪ ಕೊಟ್ಟು ಮುಗಿಸ್ತಾರೆ. ನನ್ನ ಪ್ರಕಾರ ಅದು ಶಾಫ್ಟನ್ನಲ್ಲ, ಶಾಫ್ಟಿನ ಫೋಟೊವನ್ನು ದುರಸ್ತಿ ಮಾಡೋದು. ಶಾಫ್ಟಿನ ನಿಜವಾದ ಕಥೆ ಇರೋದು ಕಣ್ಣಿಗೆ ಕಾಣದ ಕಡೆ: ಕವೆಗಳ ತಲದಲ್ಲಿ, ತೂಕದ ಹಂಚಿಕೆಯಲ್ಲಿ, ಕೊಳವೆ ಎಷ್ಟು ನೆಟ್ಟಗಿದೆ ಅನ್ನೋದರಲ್ಲಿ.

ತೂಕದ ಮಾತು ತಗೊಳ್ಳಿ. 3 ಇಂಚು ವ್ಯಾಸದ ಕೊಳವೆಯ ಮೇಲೆ ಒಂದು ಕಡೆ 10 ಗ್ರಾಂ ಟಾರು ಅಂಟಿದೆ ಅಂತಿಟ್ಕೊಳ್ಳಿ. 3,000 ಆರ್‌ಪಿಎಂನಲ್ಲಿ ಅದು ಶಾಫ್ಟನ್ನು ಹೊರಕ್ಕೆ ಜಗ್ಗುವ ಬಲ ಹತ್ತಿರ 4 ಕಿಲೊ ತೂಕದಷ್ಟು. ವೇಗ ಇಮ್ಮಡಿಯಾದ್ರೆ ಬಲ ನಾಲ್ಕು ಪಟ್ಟು. ಕೊಳವೆಯ ತುದಿಗಳಲ್ಲಿ ಸಣ್ಣ ತಗಡಿನ ತುಂಡು ಬೆಸೆದಿರುತ್ತಲ್ಲ, ಅದು ಸಮತೋಲದ ತೂಕ. ಚೆಂದಕ್ಕೆ ಅಂತ ಅದನ್ನು ಉಜ್ಜಿ ತೆಗೆದವರೂ ಇದ್ದಾರೆ!

ಕೊಳವೆ ಕತ್ತರಿಸಿ ಉದ್ದ ಸರಿಮಾಡಿ ಮತ್ತೆ ಬೆಸೆಯೋವಾಗ ಹುಕ್ ಹೇಳಿದ ಮೊದಲ ಷರತ್ತು ತಪ್ಪುವ ಅಪಾಯ. ಎರಡು ಕವೆಗಳ ತಲ ಸ್ವಲ್ಪ ತಿರುಚಿದ್ರೂ ಏರುಪೇರು ಪೂರ್ತಿ ಅಳಿಯಲ್ಲ, ಸುತ್ತಿಗೆ ಎರಡು ಸಲ ನಡುಕ ಉಳೀತದೆ. ಸಮತೋಲ ಯಂತ್ರಕ್ಕೆ ಹಾಕಿದ್ರೆ ಆ ತಪ್ಪು ಸಿಕ್ಕಲ್ಲ, ಯಾಕಂದ್ರೆ ಅಲ್ಲಿ ಶಾಫ್ಟ್ ನೆಟ್ಟಗೆ ತಿರುಗುತ್ತೆ, ಬಾಗಿಲ್ಲ. ಎರಡನೇ ಷರತ್ತು ಬಾಗಿನದ್ದು. ಮುಂದೆ 2 ಡಿಗ್ರಿ ಇದ್ರೆ ಹಿಂದೆಯೂ 2. ಹಾಗಂತ ಸೊನ್ನೆಗೆ ತರೋಣ ಅಂದ್ರೆ ಅದೂ ಬೇಡ. ಬಾಗೇ ಇಲ್ಲದಿದ್ದರೆ ಒಳಗಿನ ಸೂಜಿ ಬೇರಿಂಗುಗಳು ಉರುಳದೆ ನಿಂತಲ್ಲೇ ಗುಳಿ ಕೊರೀತವೆ. ಕನಿಷ್ಠ ಅರ್ಧ ಡಿಗ್ರಿ ಇರಲಿ ಅಂತಾರೆ.

ಇಷ್ಟೆಲ್ಲ ಸರಿ ಇದ್ದರೂ ಗೆಳೆಯರ ಕಾರಿನಲ್ಲಿ ಒಂದು ಸಮಸ್ಯೆ ಇತ್ತು. ಹಿಂದಿನ ಮಾಲೀಕ ಯಾರೋ ರೇಸಿಗೆ ಅಂತ ಡಿಫರೆನ್ಷಿಯಲ್ ಅನುಪಾತವನ್ನು 3.36ರಿಂದ 4.33ಕ್ಕೆ ಬದಲಿಸಿದ್ದ. ಅಂದ್ರೆ ಚಕ್ರ ಒಂದು ಸುತ್ತು ಬರೋಕೆ ಶಾಫ್ಟ್ ನಾಲ್ಕೂ ಕಾಲು ಸುತ್ತಿಗಿಂತ ಹೆಚ್ಚು ಬರಬೇಕು.

ಉದ್ದನೆಯ ಕೊಳವೆಗೆ ಒಂದು ಮಿತಿ ವೇಗ ಇದೆ. ಆ ವೇಗಕ್ಕೆ ಅದು ಹಗ್ಗದಾಟದ ಹಗ್ಗದ ಹಾಗೆ ನಡುವೆ ಬಿಲ್ಲಾಗಿ ಬೀಸತೊಡಗುತ್ತೆ. 1869ರಲ್ಲಿ ರ‍್ಯಾಂಕಿನ್ ಅನ್ನೋ ದೊಡ್ಡ ವಿಜ್ಞಾನಿ ಆ ವೇಗ ದಾಟಿ ಯಾವ ಶಾಫ್ಟೂ ತಿರುಗಲಾರದು ಅಂದಿದ್ದ. ಇಪ್ಪತ್ತು ವರ್ಷದಲ್ಲಿ ಸ್ವೀಡನ್ನಿನ ಡಿ ಲಾವಾಲ್ ತನ್ನ ಉಗಿ ಟರ್ಬೈನಿಗೆ ಬೇಕಂತಲೇ ತೆಳ್ಳನೆ ಶಾಫ್ಟ್ ಹಾಕಿ, ಮಿತಿಯನ್ನು ದಾಟಿಸಿ ಓಡಿಸಿದ. ಟರ್ಬೈನ್ ಒಂದೇ ಸಲ ಸರ್ರನೆ ದಾಟಿ ಮೇಲೆಯೇ ಇರುತ್ತೆ. ಕಾರು ಹಾಗಲ್ಲ, ದಿನಕ್ಕೆ ನೂರು ಸಲ ಏರಿಳಿಯುತ್ತೆ. ಅದಕ್ಕೆ ಕಾರಿನಲ್ಲಿ ಮಿತಿಯ ಕೆಳಗೇ ಇರಬೇಕು, ಸಾಮಾನ್ಯವಾಗಿ ಶೇಕಡಾ 75ರೊಳಗೆ.

ಲೆಕ್ಕಕ್ಕೆ 60 ಇಂಚು ಉದ್ದ, 3 ಇಂಚು ವ್ಯಾಸ, 0.083 ಇಂಚು ದಪ್ಪದ ಉಕ್ಕಿನ ಕೊಳವೆ ಅಂತ ಹಿಡಿಯಿರಿ. ಗೆಳೆಯರದ್ದೂ ಹತ್ತಿರಹತ್ತಿರ ಅಷ್ಟೇ. ಮಿತಿ ಸುಮಾರು 5,370 ಆರ್‌ಪಿಎಂ. ಅದರ ಶೇಕಡಾ 75 ಅಂದ್ರೆ 4,030. ಇನ್ನು 26 ಇಂಚಿನ ಟೈರಿನಲ್ಲಿ ಗಂಟೆಗೆ 120 ಕಿಲೋಮೀಟರ್ ಹೋದರೆ 3.36 ಅನುಪಾತಕ್ಕೆ ಶಾಫ್ಟಿನ ವೇಗ ಸುಮಾರು 3,240. ನಿರಾಳ. 4.33ಕ್ಕೆ? 4,170. ಅಲ್ಲಿನ ಹೆದ್ದಾರಿಯಲ್ಲಿ ಇದು ರೇಸ್ ಅಲ್ಲ, ಮಾಮೂಲಿ ಓಟ. ಕಾರ್ಖಾನೆಯಿಂದ ಬಂದ ಶಾಫ್ಟ್ ಬದಲಾಗಿಲ್ಲ, ಆದರೆ ಅದರ ಸುತ್ತಲಿನ ಕಾರು ಬದಲಾಗಿದೆ. 'ಒರಿಜಿನಲ್' ಅನ್ನೋ ಪದ ಇಲ್ಲಿ ಕೈಕೊಡುತ್ತೆ.

ಗೆಳೆಯರಿಗೆ ಆ ಪಟ್ಟೆಗಳ ಮೇಲೆ ಜೀವ. "ಪೇಂಟ್ ಹೋದ್ರೆ ಕಾರಿನ ಜಾತಕವೇ ಹೋದ ಹಾಗೆ ಕಣ್ರೀ" ಅಂದರು. "ಹಿಂದಿನ ಸೀಟಿನಲ್ಲಿ ಮಗಳು ಕೂರ್ತಾಳಲ್ಲ ಸಾರ್, ಅವಳ ಕಾಲಿನ ಪಕ್ಕದಲ್ಲೇ ಅದು ತಿರುಗೋದು" ಅಂದೆ ನಾನು. ಎರಡು ದಿನ ಫೋನ್ ಬರಲಿಲ್ಲ. ಆಮೇಲೆ ಬಂತು.

ಹಳೇ ಶಾಫ್ಟನ್ನು ಉಜ್ಜಲಿಲ್ಲ, ಬಳಿಯಲಿಲ್ಲ. ಪಟ್ಟೆಗಳ ಫೋಟೊ ತೆಗೆದು, ಪ್ರತಿ ಪಟ್ಟೆಯ ಅಗಲವನ್ನೂ ತುದಿಯಿಂದ ದೂರವನ್ನೂ ಅಳೆದು ಬರೆದುಕೊಂಡು, ತುಕ್ಕು ಹಿಡಿಯದಂತೆ ತೆಳುವಾಗಿ ಎಣ್ಣೆ ಸವರಿ ಸುತ್ತಿಟ್ಟರು. ಕಾರಿಗೆ ಮೂರೂವರೆ ಇಂಚು ವ್ಯಾಸದ ಹೊಸ ಕೊಳವೆ ಮಾಡಿಸಿದರು. ಮಿತಿ ವೇಗ ವ್ಯಾಸದ ಜೊತೆಗೇ ಏರುತ್ತೆ, ಸುಮಾರು 6,300ಕ್ಕೆ ಹೋಯಿತು. ಜಾಯಿಂಟುಗಳು ಸ್ಪೈಸರ್ 1350 ಅಳತೆಯವು, ಬಟ್ಟಲಿನ ವ್ಯಾಸ 1.188 ಇಂಚು. ಮುಂದಿನ ಜಾಯಿಂಟಿನ ಹತ್ತಿರ ಉಕ್ಕಿನ ಬಳೆ. ಮುಂದಿನ ಬಾಗು 2.1 ಡಿಗ್ರಿ, ಹಿಂದಿನದು 1.9, ನಾನೇ ವಿಡಿಯೊ ಕರೆಯಲ್ಲಿ ಓದಿದ್ದು. ಕಾರು ಈಗ ಸ್ಪರ್ಧೆಗೆ ಹೋದ್ರೆ ಶಾಫ್ಟಿನ ಅಂಕ ಕಡಿಮೆ ಸಿಗುತ್ತೆ. ಹಳೇ ಶಾಫ್ಟ್ ಗ್ಯಾರೇಜಿನ ಗೋಡೆಯ ಮೇಲಿದೆ. ಅದರ ಕೆಳಗೆ ಮೊಳೆಗೆ ಒಂದು ಸಣ್ಣ ಪ್ಲಾಸ್ಟಿಕ್ ಚೀಲ ನೇತುಹಾಕಿದ್ದಾರೆ, ಒಳಗೆ ಆ ನಾಲ್ಕು ಶ್ಯಾವಿಗೆ ಎಳೆ.